ರ‍್ಯಾಂಕಿನಾಚೆಯ ಸೀಟು

ನೀಟ್ ಫಲಿತಾಂಶದ ಗದ್ದಲದಲ್ಲಿ ಯಾರೂ ವಿಚಾರಿಸದ ದಾರಿಯೊಂದಿದೆ: ಡಾಕ್ಟರೂ ಆಗಿ ಸಂಶೋಧಕರೂ ಆಗುವ ಎಂಡಿ-ಪಿಎಚ್‌.ಡಿ. ಸೀಟುಗಳು ಬೆರಳೆಣಿಕೆಯಷ್ಟು. ಬೇವೂರಿನಂಥ ಊರಿನ ಮಕ್ಕಳಿಗೆ ಅದು ದಕ್ಕೀತೇ? ದಕ್ಕೀತು. ಆದರೆ ಅದಕ್ಕೆ ಹಾಕಬೇಕಾದ ಲೆಕ್ಕವೇ ಬೇರೆ.

ಹೆರಿಗೆಯಾಗಿ ನಿಮಿಷ ಕಳೆದಿಲ್ಲ. ಎಎನ್‌ಎಂ ಸಿಸ್ಟರ್ ಬಾಣಂತಿಯ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸರಿಸುತ್ತಾರೆ. ಅದರ ಪಟ್ಟಿಗಳನ್ನು ಹೊಟ್ಟೆಗೆ ಸುತ್ತಿ ಕಟ್ಟುತ್ತಾರೆ. ಹಾಳೆಯ ಇನ್ನೊಂದು ತುದಿ ಕಿರಿದಾದ ಚೀಲವಾಗಿ ಕೆಳಗೆ ಇಳಿಬಿದ್ದಿದೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ.

ಹರಿದ ರಕ್ತ ಚೀಲದಲ್ಲಿ ನಿಲ್ಲುತ್ತದೆ. ಎಷ್ಟು ಮಿಲಿಲೀಟರ್ ಎಂದು ಸಿಸ್ಟರ್ ಗೆರೆ ನೋಡಿ ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಬಾಣಂತಿಗೆ ಗುಳಿಗೆ ಕೊಟ್ಟಾಗಿದೆ. ಅದರಲ್ಲಿ ಔಷಧ ಇದೆಯೋ ಇಲ್ಲವೋ ಬಾಣಂತಿಗೂ ತಿಳಿಯದು, ಸಿಸ್ಟರಿಗೂ ತಿಳಿಯದು.

ಇದು ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 2002ರಿಂದ 2005ರ ನಡುವೆ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಪ್ರಸೂತಿ ತಜ್ಞ ಡಾ. ಬಿ. ಎಸ್. ಕೊಡಕಣಿ, ಶರೀರಕ್ರಿಯಾ ವಿಭಾಗದ ಡಾ. ಶಿವಪ್ರಸಾದ ಗೌಡರ, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಸಂಗಡಿಗರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಆಪರೇಷನ್ ಥಿಯೇಟರ್ ಇಲ್ಲದ, ಚುಚ್ಚುಮದ್ದನ್ನು ತಂಪಾಗಿಡಲು ಫ್ರಿಜ್ ಇಲ್ಲದ ಊರಿನಲ್ಲಿ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಬಾಣಂತಿಯ ರಕ್ತಸ್ರಾವ ತಡೆದೀತೇ?

1,620 ಹೆಣ್ಣುಮಕ್ಕಳು ಪಾಲ್ಗೊಂಡರು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾಯಿತು. ಔಷಧ ಸಿಕ್ಕವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗೆಂದು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅಳತೆಗೆರೆಯ ಹಾಳೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಇದೇ ಬಗೆಯ ಹಾಳೆಯಿಂದ ರಕ್ತವನ್ನು ಅಳೆದು, ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದಲ್ಲಿ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ಕಡಿಮೆಯಾಗಿದ್ದವು.

ಬೆಳಗಾವಿಯ ಆ ತಂಡ ಎಂಡಿ-ಪಿಎಚ್‌.ಡಿ. ಎಂಬ ಜೋಡಿ ಕೋರ್ಸಿನಿಂದ ಬಂದದ್ದಲ್ಲ. ಆದರೆ ಆ ಕೋರ್ಸು ಯಾರನ್ನು ತಯಾರು ಮಾಡಲು ಹೊರಟಿದೆಯೋ ಅವರು ಹೀಗೇ ಇರುತ್ತಾರೆ. ರೋಗಿಯ ಕೈ ಹಿಡಿದು ನಾಡಿ ನೋಡುವಾಗಲೇ ‘ಇದು ಹೀಗೇಕೆ, ಬೇರೆ ರೀತಿ ಆಗಬಹುದೇ’ ಎಂದು ಕೇಳುವವರು, ಕೇಳಿ ಸುಮ್ಮನಾಗದೆ ಅಳೆದು ನೋಡುವವರು.

ಬೇವೂರಿನಿಂದ ನೋಡಿದರೆ

ಈಗ ಜೂನ್. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ನೀಟ್‌ನ ಫಲಿತಾಂಶದ ಹೊತ್ತು. ಬಾಗಲಕೋಟೆ ತಾಲೂಕಿನ ಬೇವೂರಿನಲ್ಲೂ, ಆಚೆಯ ಹುನಗುಂದ, ಇಳಕಲ್, ಬಾದಾಮಿಗಳಲ್ಲೂ ಮನೆಮನೆಯಲ್ಲಿ ಒಂದೇ ಮಾತು: 720ಕ್ಕೆ ಎಷ್ಟು ಬಂತು, ರ‍್ಯಾಂಕ್ ಎಷ್ಟಾಯಿತು, ಸರ್ಕಾರಿ ಸೀಟು ಸಿಗುತ್ತದೋ ಇಲ್ಲವೋ.

ಈ ಲೆಕ್ಕ ನಮ್ಮವರಿಗೆ ಬಾಯಿಪಾಠ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಶೇ 15ರ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮವಾದರೆ ಶೇ 5. ಪಕ್ಕದ ಕುಷ್ಟಗಿ ಕಲ್ಯಾಣ ಕರ್ನಾಟಕಕ್ಕೆ ಸೇರಿರುವುದರಿಂದ ಅಲ್ಲಿಯವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು ಇದೆ, ಇಳಕಲ್ಲಿನವರಿಗೆ ಇಲ್ಲ ಎಂಬುದೂ ಎಲ್ಲರಿಗೂ ಗೊತ್ತು.

ಎಂಬಿಬಿಎಸ್ ಬಾಗಿಲು ದಾಟಿದ ಮೇಲೆ ಮಾತ್ರ ಈ ಜಾಣ್ಮೆ ಸಾಲುವುದಿಲ್ಲ. ಅಲ್ಲಿಂದಾಚೆಗೆ ಇನ್ನೊಂದು ಲೆಕ್ಕವಿದೆ. ಅದನ್ನು ಹೇಳಿಕೊಡುವವರು ನಮ್ಮ ಕಡೆ ಕಡಿಮೆ.

ಬೇವೂರಿನ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಎಂಬಿಬಿಎಸ್ ಎರಡನೇ ವರ್ಷ. ರಜೆಗೆ ಊರಿಗೆ ಬಂದಿದ್ದಾಳೆ. ರೊಟ್ಟಿ ಬಡಿಯುತ್ತಾ ಅವ್ವ ಕೇಳುತ್ತಾಳೆ:

‘ಓದು ಮುಗದ ಮ್ಯಾಲೆ ಊರಾಗ ದವಾಖಾನಿ ತಗೀತಿಯಿಲ್ಲವಾ?’

‘ತಗೀತೀನಬೇ. ಅದರ ಜೋಡಿ ಸಂಶೋಧನಾನೂ ಮಾಡಬೇಕಂತ ಐತಿ.’

‘ಅದಕ್ಕ ಮತ್ತ ಎಷ್ಟ ವರ್ಷ?’

ಅವ್ವನ ಪ್ರಶ್ನೆ ನ್ಯಾಯವಾದದ್ದು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಎಂಡಿ ಮೂರು ವರ್ಷ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಒಂದಾದ ಮೇಲೊಂದು ಓದುತ್ತ ಹೋದರೆ ಹದಿನೆಂಟಕ್ಕೆ ಕಾಲೇಜು ಮೆಟ್ಟಿಲು ಹತ್ತಿದವಳು ಹೊರಬರುವಾಗ ಮೂವತ್ತು ತುಂಬುತ್ತಾ ಬಂದಿರುತ್ತದೆ. ಅದೂ ಎಲ್ಲವೂ ಒಂದೇ ಏಟಿಗೆ ಆದರೆ.

ಜೋಡಿ ಕೋರ್ಸು ಹುಟ್ಟಿದ್ದೇ ಈ ಬಿಕ್ಕಟ್ಟಿಗೆ ಉತ್ತರವಾಗಿ. ಎರಡೂ ತರಬೇತಿಗಳನ್ನು ಹೆಣೆದರೆ ಸಮಯ ಉಳಿಯುತ್ತದೆ. ವಾರ್ಡಿನಲ್ಲಿ ಎದ್ದ ಪ್ರಶ್ನೆ ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುವುದೂ ಇಲ್ಲ.

ಬಾಕ್ಸ್: ಯಾವ ಯಾವ ಬಾಗಿಲು?

• ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ: 2022ರ ಫೆಬ್ರುವರಿಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಯ ಯೋಜನೆ ಪ್ರಕಟಿಸಿತು. ಸುಸ್ಮಿತಾ-ಸುಬ್ರತೊ ಬಾಗ್ಚಿ ಮತ್ತು ರಾಧಾ-ಎನ್.ಎಸ್. ಪಾರ್ಥಸಾರಥಿ ದಂಪತಿಗಳ ಕೊಡುಗೆ 425 ಕೋಟಿ ರೂಪಾಯಿ. ಜೋಡಿ ಎಂಡಿ-ಪಿಎಚ್‌.ಡಿ.ಯೇ ಯೋಜನೆಯ ತಿರುಳು. ಆಸ್ಪತ್ರೆಗೆ ಶಂಕುಸ್ಥಾಪನೆಯಾದದ್ದು 2022ರ ಜೂನ್ 20ರಂದು.

• ಎಂಡಿ ಮುಗಿಸಿ ಪಿಎಚ್‌.ಡಿ.: ಹಳೆಯ, ಗಟ್ಟಿ ದಾರಿ. ವೆಲ್ಲೂರಿನ ಸಿಎಂಸಿಯಲ್ಲಿ ಕೆಲಸ ಮಾಡಿದ ಡಾ. ಗಗನ್‌ದೀಪ್ ಕಾಂಗ್ ಎಂಬಿಬಿಎಸ್, ಎಂಡಿ, ಪಿಎಚ್‌.ಡಿ. ಹೀಗೇ ಮಾಡಿದವರು. ರೋಟಾವೈರಸ್ ಸಂಶೋಧನೆಗೆ ಹೆಸರಾದರು. 2019ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು. ಆ ಗೌರವ ಪಡೆದ ಭಾರತದ ಮೊದಲ ಮಹಿಳಾ ವಿಜ್ಞಾನಿ.

• ಎಂಬಿಬಿಎಸ್‌ನಿಂದ ನೇರ ಪಿಎಚ್‌.ಡಿ.: ಸಿಎಸ್‌ಐಆರ್-ಯುಜಿಸಿ ನೆಟ್ ಬರೆಯಲು ಎಂಬಿಬಿಎಸ್ ಪದವಿ ಸಾಕು. ಜೆಆರ್‌ಎಫ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ.

• ಎಂಡಿ ಸೀಟಿಗೆ: ನೀಟ್-ಪಿಜಿ. ಏಮ್ಸ್, ಜಿಪ್ಮರ್, ನಿಮ್ಹಾನ್ಸ್‌ಗಳಿಗೆ ಐಎನ್‌ಐ-ಸಿಇಟಿ, ವರ್ಷಕ್ಕೆ ಎರಡು ಸಲ.

ಅಂಕ ಹೊಸ್ತಿಲು ಮಾತ್ರ

ಸರಿ, ಅವಕಾಶ ಎಷ್ಟು? ಇದನ್ನು ತೂಗಿ ನೋಡಲು ಅಮೆರಿಕದ ಅನುಭವ ನೆರವಾಗುತ್ತದೆ, ಏಕೆಂದರೆ ಅಲ್ಲಿ ಈ ಕೋರ್ಸಿಗೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. 1964ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮೂರು ವೈದ್ಯಕೀಯ ಶಾಲೆಗಳಿಗೆ ಇದಕ್ಕಾಗಿ ಹಣ ಕೊಡಲು ಆರಂಭಿಸಿತು. ಈಗ ಅಂಥ ನೆರವಿರುವ ಶಾಲೆಗಳು ಐವತ್ತಕ್ಕೂ ಹೆಚ್ಚು. ಎಂಆರ್‌ಎನ್‌ಎ ಲಸಿಕೆಯ ಬುನಾದಿ ಹಾಕಿ 2023ರಲ್ಲಿ ನೊಬೆಲ್ ಹಂಚಿಕೊಂಡ ಡ್ರೂ ವೈಸ್‌ಮನ್ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎಂಡಿ, ಪಿಎಚ್‌.ಡಿ. ಎರಡನ್ನೂ 1987ರಲ್ಲಿ ಮುಗಿಸಿದವರು.

ಅಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2,000 ಮಂದಿ ಅರ್ಜಿ ಹಾಕುತ್ತಾರೆ, 700 ಚಿಲ್ಲರೆ ಮಂದಿ ಸೇರುತ್ತಾರೆ. ಮೂವರಲ್ಲಿ ಒಬ್ಬರಿಗೆ ಸೀಟು. ಕೇಳಲು ಹಿತವಾಗಿದೆ. ಆದರೆ ಅರ್ಜಿ ಹಾಕುವವರೇ ಜರಡಿಯಲ್ಲಿ ಉಳಿದವರು. ಸೇರುವವರ ಪ್ರವೇಶ ಪರೀಕ್ಷೆಯ ಸರಾಸರಿ ಅಂಕ 528ಕ್ಕೆ 516ರ ಆಸುಪಾಸು, ಕಾಲೇಜಿನ ಸರಾಸರಿ 4ಕ್ಕೆ 3.8ರ ಹತ್ತಿರ.

ಹಾಗಾದರೆ ಅಂಕವೇ ಎಲ್ಲವೂ ಅಂದಂತಾಯಿತೇ? ಇಲ್ಲ. ಅಷ್ಟು ಅಂಕ ಎಲ್ಲರಿಗೂ ಇರುವಾಗ ಅಂಕದಿಂದ ಯಾರನ್ನೂ ಬೇರೆ ಮಾಡಲಾಗದು. ಅಲ್ಲಿಯ ಅರ್ಜಿಯಲ್ಲಿ ಮೂರು ಪ್ರಬಂಧ ಬರೆಯಬೇಕು. ‘ಡಾಕ್ಟರೇಕೆ ಆಗಬೇಕು’ ಎಂಬುದಕ್ಕೆ 5,300 ಅಕ್ಷರಗಳ ಮಿತಿ. ‘ಎರಡೂ ಏಕೆ ಬೇಕು’ ಎಂಬುದಕ್ಕೆ 3,000. ‘ನೀನು ಮಾಡಿದ ಸಂಶೋಧನೆ ಏನು’ ಎಂಬುದಕ್ಕೆ 10,000. ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದಾರೆ ಎಂಬುದನ್ನು ನೋಡಿದರೆ ಸಾಕು, ಆಯ್ಕೆ ಸಮಿತಿ ಏನನ್ನು ಹುಡುಕುತ್ತಿದೆ ಎಂದು ತಿಳಿಯುತ್ತದೆ.

ಒಂದು ಮಾತು ಮುಂಚೆಯೇ ಹೇಳಿಬಿಡಬೇಕು. ಈ ಸೀಟುಗಳಿಗೆ ಸರ್ಕಾರ ಕೊಡುವ ತರಬೇತಿ ಹಣ ಅಮೆರಿಕದ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಗುವಿಗೆ ಬಾಗಿಲು ತೆರೆದಿದೆ. ಹೊರದೇಶದವರನ್ನು ತೆಗೆದುಕೊಳ್ಳುವ ಶಾಲೆಗಳು ಕೆಲವೇ. ಅಲ್ಲಿಯ ಎಂಡಿ ಇಲ್ಲಿಯ ಎಂಬಿಬಿಎಸ್ ಇದ್ದಂತೆ; ಹಾಗಾಗಿ ಇಲ್ಲಿ ಎಂಬಿಬಿಎಸ್ ಮುಗಿಸಿದವರು ಅಲ್ಲಿ ಮತ್ತೆ ಎಂಡಿ-ಪಿಎಚ್‌.ಡಿ.ಗೆ ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ, ಅವರಿಗೆ ಪಿಎಚ್‌.ಡಿ.ಯೊಂದೇ ಅಥವಾ ಸಂಶೋಧನೆ ಸೇರಿದ ರೆಸಿಡೆನ್ಸಿ ಸರಿಯಾದ ದಾರಿ. ಏಜೆಂಟರ ಮಾತಿಗೆ ಹೊಲ ಅಡ ಇಡುವ ಮುನ್ನ ಮನೆಯವರಿಗೆ ಇದು ಗೊತ್ತಿರಬೇಕು.

ನೂರು ಜನರೇ ಏಕೆ?

ನಮ್ಮಲ್ಲೂ ಪಿಎಚ್‌.ಡಿ. ಆಯ್ಕೆಯ ಕೊನೆಯ ಹಂತ ಸಂದರ್ಶನ. ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದಲ್ಲಿ, ಯುಜಿಸಿ ನಿಯಮದಂತೆ ಲಿಖಿತ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಕೋಣೆಯಲ್ಲಿ ಏನು ಕೇಳಬಹುದು ಎಂದು ಹತ್ತಿರದಿಂದ ನೋಡೋಣ.

ನಮ್ಮ ಬೇವೂರಿನ ಹುಡುಗಿ ಎಂಬಿಬಿಎಸ್‌ನಲ್ಲಿರುವಾಗ ಗರ್ಭಿಣಿಯರ ರಕ್ತಹೀನತೆಯ ಮೇಲೆ ಸಣ್ಣ ಅಧ್ಯಯನ ಮಾಡಿದ್ದಾಳೆ ಎಂದುಕೊಳ್ಳಿ. ನೂರು ಮಂದಿಯ ಹಿಮೊಗ್ಲೋಬಿನ್ ನೋಡಿದ್ದಾಳೆ.

‘ನೂರೇ ಏಕೆ?’

‘ಸರ್, ಗೈಡ್ ಹೇಳಿದ್ರು.’ ಇದು ಸೀಟು ಕಳೆಯುವ ಉತ್ತರ.

ಸೀಟು ತರುವ ಉತ್ತರ ಹೀಗಿರುತ್ತದೆ: ‘ರಾಜ್ಯದಲ್ಲಿ ಅರ್ಧದ ಹತ್ತಿರದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆಯಿದೆ. ಹಾಗಾಗಿ ಶೇ 50 ಎಂದು ಹಿಡಿದೆ. ನನ್ನ ಲೆಕ್ಕ ಹತ್ತು ಅಂಶ ಅತ್ತಿತ್ತ ಆದರೂ ಪರವಾಗಿಲ್ಲ ಎಂದುಕೊಂಡೆ. ನಾಲ್ಕು ಗುಣಿಸು ಐವತ್ತು, ಗುಣಿಸು ಐವತ್ತು, ಭಾಗಿಸು ಹತ್ತರ ವರ್ಗ. ನೂರು ಬಂತು. ಐದೇ ಅಂಶದೊಳಗೆ ಹಿಡಿಯಬೇಕಿದ್ದರೆ ನಾನೂರು ಮಂದಿ ಬೇಕಿತ್ತು. ಎರಡು ತಿಂಗಳಲ್ಲಿ ಅದು ನನ್ನಿಂದಾಗುತ್ತಿರಲಿಲ್ಲ. ಆದ್ದರಿಂದ ನನ್ನ ಸಂಖ್ಯೆಯನ್ನು ಒಂದು ಅಂದಾಜು ಎಂದಷ್ಟೇ ತೆಗೆದುಕೊಳ್ಳಬೇಕು.’

‘ಹಿಮೊಗ್ಲೋಬಿನ್ ಹೇಗೆ ಅಳೆದಿರಿ?’

‘ಅಲ್ಲಿದ್ದದ್ದು ಸಾಹ್ಲಿ ವಿಧಾನ, ಸರ್. ಬಣ್ಣ ನೋಡಿ ಹೇಳಬೇಕು, ಕಣ್ಣಿಂದ ಕಣ್ಣಿಗೆ ವ್ಯತ್ಯಾಸ ಬರುತ್ತದೆ. ಅದಕ್ಕೆ ಕೆಲವು ಮಾದರಿಗಳನ್ನು ಕಾಲೇಜಿನ ಯಂತ್ರದಲ್ಲೂ ಹಾಕಿ ತಾಳೆ ನೋಡಿದೆ.’

ಇಲ್ಲಿ ದೊಡ್ಡ ಯಂತ್ರವಿಲ್ಲ, ವಿದೇಶಿ ಪತ್ರಿಕೆಯಲ್ಲಿ ಹೆಸರಿಲ್ಲ. ಆದರೆ ತಾನು ಮಾಡಿದ ಕೆಲಸದ ಗಟ್ಟಿತನವೆಷ್ಟು, ಸಡಿಲವೆಷ್ಟು ಎಂಬ ಅರಿವಿದೆ. ಇಂಥ ಉತ್ತರ ಕೇಳಿದ ಸಮಿತಿಗೆ ಈ ಹುಡುಗಿಯನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಬಾಕ್ಸ್: ನಿಮ್ಮ ಅವಕಾಶವನ್ನು ನೀವೇ ತೂಗಿ

1. ಅಂಕ ಹೊಸ್ತಿಲು ದಾಟಿದೆಯೇ? ದಾಟಿದ್ದರೆ ಇನ್ನೂ ಹತ್ತು ಅಂಕಕ್ಕಾಗಿ ವರ್ಷ ಕಳೆಯಬೇಡಿ. ದಾಟದಿದ್ದರೆ ಮೊದಲು ಅದೇ ಕೆಲಸ.

2. ಒಂದೇ ಪ್ರಶ್ನೆಯ ಜೊತೆ ಎಷ್ಟು ಕಾಲ ಇದ್ದಿರಿ? ಎರಡು ವಾರದ ಐದು ಪ್ರಾಜೆಕ್ಟುಗಳಿಗಿಂತ ಎರಡು ವರ್ಷದ ಒಂದು ಕೆಲಸ ಮೇಲು.

3. ನಿಮ್ಮ ಪಾಲು ಯಾವುದು? ಪ್ರಬಂಧದಲ್ಲಿ ಹೆಸರಿದ್ದರೆ ಸಾಲದು. ಯಾವ ಭಾಗ ನಿಮ್ಮ ಕೈಯದು ಎಂದು ಹೇಳಬಲ್ಲಿರಾ?

4. ನಿಮ್ಮ ಬಗ್ಗೆ ಯಾರು ಬರೆಯುತ್ತಾರೆ? ದೊಡ್ಡ ಹುದ್ದೆಯವರ ನಾಲ್ಕು ಸಾಲಿಗಿಂತ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಮೇಷ್ಟರ ಎರಡು ಪುಟಕ್ಕೆ ಬೆಲೆ ಹೆಚ್ಚು.

5. ಎರಡೂ ಏಕೆ ಬೇಕು? ಒಂದೇ ಸಾಕೆನಿಸಿದರೆ ಒಂದನ್ನೇ ಓದಿ. ಅದರಲ್ಲಿ ಸೋಲೇನೂ ಇಲ್ಲ.

6. ಮನೆಯವರ ಜೊತೆ ಮಾತಾಗಿದೆಯೇ? ಮೂವತ್ತರವರೆಗೆ ಓದು ಎಂದರೆ ಸಾಲ, ಮದುವೆ, ತಮ್ಮ ತಂಗಿಯರ ಓದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ ಇರುವುದು ಇಲ್ಲೇ

‘ನಮ್ಮಂಥ ಊರಲ್ಲಿ ಸಂಶೋಧನೆಗೆ ಏನಿದೆ’ ಎಂಬ ಮಾತನ್ನು ಎಂಬಿಬಿಎಸ್ ಮಕ್ಕಳ ಬಾಯಲ್ಲಿ ಕೇಳಿ ಬೇಸರವಾಗುತ್ತದೆ. ಈ ಬಾಗಲಕೋಟೆ ಜಿಲ್ಲೆಯಲ್ಲಿ ಪ್ರಶ್ನೆಗಳಿಗೆ ಬರವೇ?

ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ತಿನ ನಾನಾ ದೇಶಗಳ ಕಟ್ಟಡಗಳಿಗೆ ಹೋಗಿದೆ. ಕಲ್ಲು ಕೊರೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕ್ಷಯದಂತೆಯೇ ಕಾಣುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಎರಡನ್ನೂ ಬೇಗ, ಅಗ್ಗವಾಗಿ ಬೇರ್ಪಡಿಸುವುದು ಹೇಗೆ? ಪಿಎಚ್‌.ಡಿ.ಯೊಂದಕ್ಕೆ ಇಷ್ಟೇ ಸಾಕು.

ನೀರನ್ನು ನೋಡಿ. ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ, ದುಡಿಯುವವರ ಮೊಣಕಾಲು ನೋವು. ಒಂದೇ ನೀರು ಕುಡಿದ ಇಬ್ಬರಲ್ಲಿ ಒಬ್ಬರ ಎಲುಬು ಬೇಗ ಕೆಡುವುದೇಕೆ? ಊಟದಲ್ಲಿ ಸುಣ್ಣದಂಶ ಕಡಿಮೆಯಿದ್ದರೆ ಹಾನಿ ಹೆಚ್ಚುತ್ತದೆ ಎಂಬುದು ತಿಳಿದ ವಿಷಯ. ಆದರೆ ಜೋಳದ ರೊಟ್ಟಿ ತಿನ್ನುವ ನಮ್ಮ ಜನರಲ್ಲಿ ಅದು ಎಷ್ಟರಮಟ್ಟಿಗೆ ಎಂದು ಅಳೆದು ಹೇಳಲು ಇಲ್ಲಿಯ ಡಾಕ್ಟರೇ ಬೇಕು.

ಇನ್ನು ಇಳಕಲ್, ಗುಳೇದಗುಡ್ಡದ ನೇಕಾರರು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವವರ ಬೆನ್ನು, ಕಣ್ಣು, ರಕ್ತದೊತ್ತಡ. ಒಂದೊಂದೂ ಒಂದೊಂದು ಅಧ್ಯಯನ.

ಹಳ್ಳಿಯಲ್ಲಿ ದೊಡ್ಡ ವಿಜ್ಞಾನ ಸಾಧ್ಯವೇ ಎಂದು ಅನುಮಾನ ಪಡುವವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕನ್ನು ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿಯ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ವಯಸ್ಸಾದಂತೆ ಮರೆವು ಹೇಗೆ ಬರುತ್ತದೆ ಎಂಬುದು ಅಲ್ಲಿಯ ಪ್ರಶ್ನೆ. ಹೊಲಮನೆ ಮಾಡಿಕೊಂಡಿರುವ ರೈತರೇ ಆ ಅಧ್ಯಯನದ ಜೀವಾಳ.

ಬೇವೂರಿನ ಮಗುವಿಗೆ ಇಲ್ಲೊಂದು ಹೆಚ್ಚುಗಾರಿಕೆ ಇದೆ, ಅದನ್ನು ಸಂಕೋಚವಿಲ್ಲದೆ ಹೇಳಬೇಕು. ಕಲ್ಲುಕ್ವಾರಿಯ ಕಾರ್ಮಿಕ ಡಾಕ್ಟರ ಮುಂದೆ ಹೇಳದ ಮಾತನ್ನು ತನ್ನ ಭಾಷೆಯಾಡುವ ಹುಡುಗಿಯ ಮುಂದೆ ಹೇಳುತ್ತಾನೆ. ಸಂಶೋಧನೆಯ ಮೊದಲ ಮಾಹಿತಿ ಬರುವುದು ಹಾಗೆ. ಸಂದರ್ಶನದಲ್ಲಿ ‘ನಿನಗೆ ಈ ಪ್ರಶ್ನೆ ಏಕೆ’ ಎಂದು ಕೇಳಿದರೆ ಅವಳ ಉತ್ತರ ಪುಸ್ತಕದಿಂದ ಎತ್ತಿದ್ದಾಗಿರುವುದಿಲ್ಲ.

ಎರಡು ತಿಂಗಳ ಮೊದಲ ಮೆಟ್ಟಿಲು

ಶುರು ಮಾಡುವುದು ಎಲ್ಲಿಂದ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದಲೂ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ನಡೆಸುತ್ತಿದೆ. ಮಕ್ಕಳು ಇದನ್ನು ಎಸ್‌ಟಿಎಸ್ ಎನ್ನುತ್ತಾರೆ. ಎಂಬಿಬಿಎಸ್, ಬಿಡಿಎಸ್ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಕಾಲೇಜಿನ ಅಧ್ಯಾಪಕರೊಬ್ಬರು ಗೈಡ್ ಆಗಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎರಡು ತಿಂಗಳು ಕೆಲಸ ಮಾಡಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಪ್ರಮಾಣಪತ್ರ ಮತ್ತು ಸ್ಟೈಪೆಂಡ್. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೂ ಪದವಿ ಮಕ್ಕಳ ಸಂಶೋಧನೆಗೆ ಧನಸಹಾಯ ಕೊಡುತ್ತದೆ.

ಬಾಗಲಕೋಟೆಯಲ್ಲೇ 2002ರಲ್ಲಿ ಆರಂಭವಾದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿದೆ. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಹಳೆಯ ಕಾಲೇಜುಗಳಿವೆ. ದೊಡ್ಡ ಪ್ರಯೋಗಾಲಯಕ್ಕಾಗಿ ಬೆಂಗಳೂರಿನ ಹಾದಿ ಕಾಯುತ್ತ ಕೂರಬೇಕಿಲ್ಲ. ಬೆಳಗಾವಿಯ ಆ ಅಧ್ಯಯನವನ್ನು ಹಳ್ಳಿಹಳ್ಳಿಗಳಲ್ಲಿ ನಡೆಸಿದ್ದು ಎಎನ್‌ಎಂ ಸಿಸ್ಟರುಗಳು.

ಮಕ್ಕಳು ಮಾಡುವ ದೊಡ್ಡ ತಪ್ಪೆಂದರೆ ಎಸ್‌ಟಿಎಸ್ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಆ ಪ್ರಶ್ನೆಯನ್ನು ಮರೆಯುವುದು. ಎರಡು ತಿಂಗಳಲ್ಲಿ ಯಾವ ಪ್ರಶ್ನೆಗೂ ಪೂರ್ಣ ಉತ್ತರ ಸಿಗುವುದಿಲ್ಲ. ಇನ್ನೂ ಒಳ್ಳೆಯ ಎರಡನೇ ಪ್ರಶ್ನೆ ಸಿಗುತ್ತದೆ. ಅದನ್ನು ಇಂಟರ್ನ್‌ಶಿಪ್‌ವರೆಗೂ ಒಯ್ದು, ಎಂಡಿ ಪ್ರಬಂಧಕ್ಕೂ ಅದರ ಮುಂದುವರಿಕೆಯನ್ನೇ ಆಯ್ದುಕೊಂಡವರ ಅರ್ಜಿಯಲ್ಲಿ ಐದಾರು ವರ್ಷದ ಒಂದೇ ಎಳೆ ಕಾಣುತ್ತದೆ. ಆಯ್ಕೆ ಸಮಿತಿಯವರು ಮೊದಲು ಹುಡುಕುವುದು ಆ ಎಳೆಯನ್ನೇ.

ಮೇಷ್ಟ್ರುಗಳಿಗೂ ಒಂದು ಮಾತು. ಹಳ್ಳಿಯಿಂದ ಬಂದ ವಿದ್ಯಾರ್ಥಿ ನಿಮ್ಮ ಕೋಣೆಯ ಬಾಗಿಲು ತಟ್ಟಲು ಹಿಂಜರಿಯುತ್ತಾನೆ. ಇಂಗ್ಲಿಷ್ ತಡವರಿಸುತ್ತದೆ. ಅವನನ್ನು ನೀವೇ ಕರೆದು ‘ಏನು ಗಮನಿಸಿದೆಯಪ್ಪಾ’ ಎಂದು ಕೇಳಿದರೆ, ಅವನ ಅವಕಾಶ ಅಂದೇ ದುಪ್ಪಟ್ಟಾಯಿತು ಎಂದು ತಿಳಿಯಿರಿ.

ಸೀಟು ಸಿಗದೆಯೂ ಹೋಗಬಹುದು. ಸಂಖ್ಯೆ ಕಡಿಮೆ ಇರುವಲ್ಲಿ ಅರ್ಹರೂ ಹೊರಗುಳಿಯುತ್ತಾರೆ. ಆದರೆ ಈ ತಯಾರಿ ಬೇರೆ ಪ್ರವೇಶ ಪರೀಕ್ಷೆಗಳ ತಯಾರಿಯಂತಲ್ಲ. ಸೀಟು ಕೈತಪ್ಪಿದರೂ ಕಲಿತದ್ದು ದಂಡವಾಗುವುದಿಲ್ಲ. ಎಂಡಿ ಮುಗಿಸಿ ಪಿಎಚ್‌.ಡಿ.ಗೆ ಹೋಗಬಹುದು, ಸಂಶೋಧನೆಗೆ ಹಣ ನೀಡುವ, 2008ರಲ್ಲಿ ಶುರುವಾದ ಇಂಡಿಯಾ ಅಲಯನ್ಸ್‌ನ ವೈದ್ಯ ಸಂಶೋಧಕರ ಫೆಲೊಶಿಪ್‌ಗೆ ಪ್ರಯತ್ನಿಸಬಹುದು, ತಾಲೂಕು ಆಸ್ಪತ್ರೆಯಲ್ಲಿದ್ದೇ ಕಾಲೇಜಿನವರ ಜೊತೆ ಸೇರಿ ಅಧ್ಯಯನ ನಡೆಸಬಹುದು.

ಈ ವರ್ಷ ಎಂಬಿಬಿಎಸ್ ಸೇರುವ ಮಕ್ಕಳಿಗೆ ಮೊದಲ ರಜೆಗೊಂದು ಕೆಲಸ ಹೇಳುತ್ತೇನೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಯ ಡಾಕ್ಟರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ: ಯಾವ ಕಾಯಿಲೆ ನಿಮ್ಮ ಕೈಗೆ ಸಿಗದೆ ಕಾಡುತ್ತಿದೆ? ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆದುಕೊಂಡು ಕಾಲೇಜಿನ ಒಬ್ಬ ಅಧ್ಯಾಪಕರಿಗೆ ತೋರಿಸಿ. ಎಂಡಿ-ಪಿಎಚ್‌.ಡಿ. ಸೀಟಿಗೆ ಅರ್ಜಿ ಹಾಕಲು ಇನ್ನೂ ಐದಾರು ವರ್ಷವಿದೆ, ನಿಜ. ಆ ಸೀಟು ಯಾರಿಗೆ ಎಂಬುದರ ತೀರ್ಮಾನ ಮಾತ್ರ ಈ ವರ್ಷದಿಂದಲೇ ಶುರುವಾಗುತ್ತದೆ.